ಎಂಬತ್ತೇಳು ಗಂಟೆ, ನಲವತ್ತು ನಿಮಿಷ

ಲಾಗ್‌ಬುಕ್ಕು ಅಲ್ಲಿಗೇ ನಿಂತಿದೆ, ಫ್ರಿಜ್ಜಿನ ಮೇಲೆ,
ಬಾಳೆಹಣ್ಣಿನ ಬುಟ್ಟಿಗೆ ಒರಗಿಕೊಂಡು.
ನೂರಿಪ್ಪತ್ತಾಗಬೇಕು, ಅದರಲ್ಲಿ ಇಪ್ಪತ್ತು ರಾತ್ರಿಯವು.
ಮೇದಿನಿಗೆ ಹದಿನೆಂಟು ತುಂಬಿ ಏಳು ತಿಂಗಳು.

ಅವಳ ಓರಗೆಯ ಯುಸ್ರಾ ತಮ್ಮನನ್ನು ಕೂರಿಸಿಕೊಂಡು
ಮೆಲ್ಬರ್ನಿಗೆ ಹೋಗಿ ಬಂದಳು. ಪಕ್ಕದ ಮನೆಯ ಲಾಕ್ಲನ್
ಹಳೆ ಕಾರು ಕೊಂಡು, ಬಂಪರ್ ಒಡೆದುಕೊಂಡು, ಮಾರಿಯೂ ಆಯಿತು.
ಇವಳನ್ನು ಕೇಳಿದರೆ
ದಿನಕ್ಕೊಂದು ನೆವ:
ಪೆಟ್ರೋಲು ದುಬಾರಿ. ಇನ್ಶೂರೆನ್ಸು ಇನ್ನೂ ದುಬಾರಿ.
ಭೂಮಿ ಮೊದಲೇ ಕಾದ ಹೆಂಚು, ನಾನೂ ಯಾಕೆ ಉರಿ ಹಾಕಲಿ?
ಬಸ್ಸಿದೆಯಲ್ಲ.
ಹೋಗಲಿಕ್ಕೆ ಎಲ್ಲಿದೆ ಅಮ್ಮ, ಈ ಶೆಪರ್ಟನ್ನಿನಲ್ಲಿ,
ಬಣ್ಣ ಬಳಿದ ಹಸುಗಳ ಪ್ರತಿಮೆ ಬಿಟ್ಟರೆ?

"ನಿನ್ನ ವಯಸ್ಸಿಗೆ ನಾನು" ಎಂದು ಬಾಯಿ ತೆರೆದೆ, ಮುಚ್ಚಿದೆ.
ಆ ವಯಸ್ಸಿಗೆ ನನಗೆ ಸೈಕಲ್ಲೂ ಬರುತ್ತಿರಲಿಲ್ಲ.
ಸ್ಟಿಯರಿಂಗ್ ಹಿಡಿದದ್ದು ಮೂವತ್ತೊಂಬತ್ತಕ್ಕೆ, ಇದೇ ಊರಲ್ಲಿ,
ಆಸ್ಪತ್ರೆಯ ರಾತ್ರಿಪಾಳಿಗೆ ಟ್ಯಾಕ್ಸಿಯವರಿಗೆ ಸುರಿದು ಸುರಿದು ಸಾಕಾಗಿ.
ಮೂರು ಸಲ ನಪಾಸು. ನಾಲ್ಕನೆಯ ಸಲ
ಪರೀಕ್ಷೆ ಮಾಡಿದ ಮುದುಕ ನೆವಿಲ್ ಕಾಗದ ಕೈಗಿಡುತ್ತ
ಇನ್ನಾದರೂ ಉಸಿರಾಡಮ್ಮ, ಎಂದ.
ನನಗೆ ಅದು ರೆಕ್ಕೆ. ಅವಳಿಗೆ
ಯಾರೋ ದಾಟಿಸಿದ, ತೋಳುದ್ದದ ಕೋಟು.

ಆದರೂ ಭಾನುವಾರ ಹೊರಡುತ್ತೇವೆ,
ಗಾಜಿಗೆ ಹಳದಿ ಫಲಕ ಅಂಟಿಸಿಕೊಂಡು.
ಮರಸೇಬಿನ ತೋಟಗಳ ನಡುವೆ ರಸ್ತೆ, ನೂಲು ಹಿಡಿದು ಎಳೆದ ಹಾಗೆ.
ಅವಳ ಅರ್ಧ ಕನ್ನಡ ಈ ಕಾರಿನಲ್ಲೇ ಕಲಿತದ್ದು:
ಎಡಕ್ಕೆ. ನಿಧಾನ. ನೋಡ್ಕೊಂಡು. ಅಯ್ಯೋ ಅಯ್ಯೋ. ಹ್ಞಾಂ, ಹಾಗೆ.
ಕಾಂಗರೂ ಅಡ್ಡ ಬಂದರೆ ತಿರುಗಿಸಬೇಡ, ಬ್ರೇಕು ಒತ್ತು,
ಪಾಪ ಅನ್ನೋದು ಆಮೇಲೆ.
"ಅಯ್ಯೋ ಅನ್ನೋದು ಎಷ್ಟನೇ ಗೇರು ಅಮ್ಮ?"

ಮನೆಯಲ್ಲಿ ಅವಳ ಬಾಗಿಲು ಮುಚ್ಚಿರುತ್ತದೆ,
ಪಾಳಿ ಮುಗಿಸಿ ಬಂದ ನನ್ನ ಕಣ್ಣೂ.
ಇಲ್ಲಿ ಇಬ್ಬರೂ ಮುಂದೆ ನೋಡಲೇಬೇಕು.
ಮುಖ ನೋಡದಿದ್ದರೆ ಮಾತ್ರ ಹೇಳಬಹುದಾದದ್ದು
ಎಷ್ಟೊಂದಿರುತ್ತದೆ.
ಕಳೆದ ಚಳಿಗಾಲ, ಇಳಿಹೊತ್ತು, ರೈಲ್ವೆ ಗೇಟು.
ಗೂಡ್ಸು ಗಾಡಿ ಹಾಯುತ್ತಲೇ ಇತ್ತು, ಹಾಯುತ್ತಲೇ ಇತ್ತು.
"ನಾನು ಯೂನಿವರ್ಸಿಟಿಗೆ ಹೋಗಲ್ಲ ಅಮ್ಮ" ಅಂದಳು.
"ಹ್ಯಾಂಡ್‌ಬ್ರೇಕ್ ಹಾಕು" ಅಂದೆ.
ಹಾಕಿದಳು. ಅತ್ತಳು.
ಗೇಟು ಎದ್ದು ಎಷ್ಟು ಹೊತ್ತಾಗಿತ್ತೋ, ಹಿಂದಿನವನು
ಒಂದೇ ಸಲ ಹಾರನ್ ಒತ್ತಿದ, ಸಣ್ಣಗೆ,
ಕ್ಷಮೆ ಕೇಳುವವನ ಹಾಗೆ.

ಆ ದಿನದ ಸಾಲಿನಲ್ಲಿ ತುಂಬಬೇಕಿತ್ತು:
ಹೊರಟದ್ದು, ತಲುಪಿದ್ದು, ಕಿಲೋಮೀಟರು,
ರಸ್ತೆ ಒಣಗಿತ್ತೇ, ಒದ್ದೆಯೇ,
ಕೆಳಗೆ ನನ್ನ ಸಹಿ.
ಒಣವೋ ಒದ್ದೆಯೋ, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.
ಬಿಟ್ಟೆ. ಮುಂದಿನ ವಾರದ್ದನ್ನೂ ಬಿಟ್ಟೆ.

ನಿನ್ನೆ ಔಷಧಿ ಅಂಗಡಿಯ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ.
ಆವತ್ತಿನಿಂದೀಚೆಗಿನ ಭಾನುವಾರಗಳು
ಮೂವತ್ತಾರು ಗಂಟೆ, ಒಂದೂ ಬರೆದಿಲ್ಲ.
ಕೂಡಿದೆ. ಇನ್ನೊಮ್ಮೆ ಕೂಡಿದೆ.
ನೂರಿಪ್ಪತ್ತು ಯಾವಾಗಲೋ ದಾಟಿದೆ.
ಹುಡುಗಿಗೆ ಭಯ, ಹುಡುಗಿಗೆ ಸೋಮಾರಿತನ,
ಈಗಿನ ಮಕ್ಕಳೇ ಹೀಗೆ ಎಂದು
ವಾರ್ಡಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ, ನಾನು.

ಪೆನ್ನು ಹುಡುಕಿದೆ. ಸಿಕ್ಕಿತು. ಅದು ಬರೆಯಿತು ಕೂಡ,
ಬಿಲ್ಲಿನ ಮೂಲೆಯಲ್ಲಿ ಒಂದು ಗೀಟು.
ಅಷ್ಟರಲ್ಲಿ ಬಂದಳು, ಬಾಳೆಹಣ್ಣು ಸುಲಿಯುತ್ತ ನೋಡಿದಳು
ಬಿಲ್ಲನ್ನು, ಲೆಕ್ಕವನ್ನು, ನನ್ನನ್ನು.
"ರಾತ್ರಿಯ ಗಂಟೆ ಇನ್ನೂ ಕಮ್ಮಿ ಇವೆ" ಅಂದಳು,
ನನಗಿಂತ ಮೊದಲೇ ಎಣಿಸಿಟ್ಟವಳ ದನಿಯಲ್ಲಿ.

ಕಾರಿನ ಬೀಗದಕೈಗೆಂದು ಗೋಡೆಯತ್ತ ನೋಡಿದೆ.
ಮೊಳೆ ಬರಿದಾಗಿತ್ತು.